ಬಾಗಿಲ ಪಕ್ಕದ ಸೊನ್ನೆ

ಉಣಕಲ್ಲಿನ ನಮ್ಮ ಓಣಿಗೆ ನಳ ಬಂದ ದಿನಗಳನ್ನು ನಾನು ಬರೆದಿಡುತ್ತೇನೆ. ಆ ಮಳೆಗಾಲದ ಪುಟದಲ್ಲಿ ಒಂದು ನೀರಿಗೂ ಇನ್ನೊಂದಕ್ಕೂ ನಡುವಿನ ಅಂತರ ಹೀಗಿದೆ: ಏಳು ದಿನ, ಎಂಟು, ಎಂಟು, ಒಂಬತ್ತು. ಅದರ ಕೆಳಗೆ ತಂಗಿಯ ಜ್ವರ. ಮಂಗಳವಾರ ನೂರಾಎರಡು, ಬುಧವಾರ ನೂರಾಮೂರು, ಗುರುವಾರ ದವಾಖಾನೆ. ಪರೀಕ್ಷೆಯಲ್ಲಿ ಡೆಂಗಿ ಎಂದು ಬಂತು. ಮನೆಯಲ್ಲಿ ಅವ್ವ, ತಂಗಿ, ನಾನು, ಮೂವರೇ. ಶುಕ್ರವಾರದ ಸಾಲಿನಲ್ಲಿ ನಾನು ಬರೆದದ್ದು ಇಷ್ಟು: 'ಮೂವರೂ ದವಾಖಾನೆಯಲ್ಲಿ. ಮನೆಗೆ ಕೀಲಿ.'

ಮುಂದಿನ ಮಂಗಳವಾರ ತಂಗಿಯನ್ನು ಆಟೋದಿಂದ ಇಳಿಸುವಾಗ ಬಾಗಿಲ ಪಕ್ಕದ ಗೋಡೆ ಕಣ್ಣಿಗೆ ಬಿತ್ತು. ಪ್ರತಿ ಶುಕ್ರವಾರ ಬರುವ ಆಶಾ ಕಾರ್ಯಕರ್ತೆ ನೀರಿನ ಪಾತ್ರೆಗಳಲ್ಲಿ ಸೊಳ್ಳೆಯ ಮರಿಹುಳ ಹುಡುಕಿ, ಅಲ್ಲಿ ಸೀಮೆಸುಣ್ಣದಿಂದ ತಾರೀಖು ಹಾಕಿ, ಹುಳ ಕಂಡ ಪಾತ್ರೆಗಳ ಸಂಖ್ಯೆ ಬರೆದು ಹೋಗುತ್ತಾರೆ. ನಾವು ದವಾಖಾನೆಯಲ್ಲಿದ್ದ ಶುಕ್ರವಾರದ ತಾರೀಖೂ ಅಲ್ಲಿತ್ತು. ಅದರ ಮುಂದೆ ಸೊನ್ನೆ.

ಕೀಲಿ ಹಾಕಿದ ಮನೆಯೊಳಗೆ ಹುಳ ಇಲ್ಲವೆಂದು ಅವರಿಗೆ ಹೇಗೆ ಗೊತ್ತಾಯಿತು?

ಓಣಿಯ ಬಾಗಿಲುಗಳನ್ನೆಲ್ಲ ನೋಡುತ್ತ ಹೋದೆ. ಹದಿನಾಲ್ಕು ಮನೆ, ಹದಿನಾಲ್ಕು ಸೊನ್ನೆ. ವಾರಗಟ್ಟಲೆ ನೀರು ತುಂಬಿಡುವ ಓಣಿಯಲ್ಲಿ ಒಂದೂ ಹುಳ ಇಲ್ಲ! ಫೋಟೋ ತೆಗೆದೆ, ದಿನಚರಿಯ ಸಾಲನ್ನು ನಕಲು ಮಾಡಿದೆ, ಆರೋಗ್ಯ ಕೇಂದ್ರಕ್ಕೆ ದೂರು ಕೊಟ್ಟು ಬಂದೆ. ಅವ್ವನಿಗೆ ಹೇಳಿದಾಗ ಅವಳು ರೊಟ್ಟಿ ಬಡಿಯುತ್ತಿದ್ದಳು. ಕೈ ಒಂದು ಗಳಿಗೆ ನಿಂತಿತು. 'ಹೌದೇನು' ಎಂದು ಮತ್ತೆ ಬಡಿಯತೊಡಗಿದಳು. ಅದನ್ನೂ ಬರೆದಿಟ್ಟೆ. ಯಾಕೆಂದು ನನಗೇ ತಿಳಿಯಲಿಲ್ಲ.

ಆ ಶುಕ್ರವಾರ ಓಣಿಗೆ ಯಾರೂ ಬರಲಿಲ್ಲ. ಶನಿವಾರ ಮುಂಜಾನೆ ಆ ಆಶಾ ಕಾರ್ಯಕರ್ತೆಯೇ ಬಂದರು. ಕೈಯಲ್ಲಿ ನನ್ನ ದೂರಿನ ಪ್ರತಿ, ಜೊತೆಗೊಂದು ನೋಟೀಸು. ಸೋಮವಾರದೊಳಗೆ ಉತ್ತರ ಕೊಡದಿದ್ದರೆ ಅವರನ್ನು ಕೆಲಸದಿಂದ ತೆಗೆಯುತ್ತಾರಂತೆ.

'ತಮ್ಮಾ, ಇದು ನಿಂದ ಬರವಣಿಗಿ ಹೌದಲ್ಲ? ಛಲೋ ದುಂಡಗ ಬರೀತಿ. ನಾ ಬಂದಿದ್ದೆ ಅಂತ ಇನ್ನೊಂದ ಸಾಲು ಬರದ ಕೊಡು.'

'ಕೀಲಿ ಹಾಕಿತ್ತಲ್ರಿ ಮೇಡಂ. ಕಿಡಕ್ಯಾಗಿಂದ ನೋಡಿದ್ರೇನು?'

'ಮೊನ್ನಿತನಾ ಅಕ್ಕಾರ ಅಂತಿದ್ದಿ. ದೂರು ಕೊಟ್ಟ ಮ್ಯಾಲೆ ಮೇಡಂ ಆದೆನೇನು?'

ನಾನು ಬಿಡಲಿಲ್ಲ. 'ಯಾರು ಬಾಗಲಾ ತಗದ್ರು, ಅದನ್ನ ಹೇಳ್ರಿ.'

ಅವರು ಅಡಿಗೆಮನೆಯ ಕಡೆ ನೋಡಿದರು. ಒಳಗೆ ಪಾತ್ರೆ ತೊಳೆಯುವ ಸಪ್ಪಳ ನಿಂತಿತು.

'ನಾನ ತಗದಿದ್ದೆ,' ಎಂದು ಅವ್ವ ಹೊರಗೆ ಬಂದಳು. 'ನೀ ರಕ್ತಕ್ಕ ಪಾಳಿ ಹಚ್ಚಿದ್ದಿ ನೋಡು, ಆವಾಗ ಗಂಜಿ ಮಾಡಕೊಂಡು ಹೋಗಾಕ ಬಂದಿದ್ದೆ. ಇವರು ಬಂದ್ರು, ನೋಡಿದ್ರು, ಹ್ವಾದ್ರು.'

'ಮತ್ತ ಇಷ್ಟ ದಿನಾ ಯಾಕ ಸುಮ್ನಿದ್ದಿ?'

ಅವ್ವನ ಕಣ್ಣು ಮೆಟ್ಟಿಲ ಕೆಳಗೆ ಹೋಗಿ ಬಂತು. ಅಲ್ಲಿ ಹಳೆಯ ಕೌದಿಗಳ ರಾಶಿ. ಅಷ್ಟು ಎತ್ತರದ ರಾಶಿಯಾಗುವಷ್ಟು ಕೌದಿ ನಮ್ಮಲ್ಲಿಲ್ಲ ಎಂಬುದು ನನಗೆ ಆಗಲೇ ಹೊಳೆದದ್ದು. ಎರಡು ಎಳೆದೆ. ಕೆಳಗೆ ನೀಲಿ ಬ್ಯಾರಲ್, ಅರ್ಧದಷ್ಟು ನೀರು.

ಆಶಾ ಅಕ್ಕಾರು ಬ್ಯಾಟರಿಯ ಬೆಳಕು ಬಿಟ್ಟರು. ನೀರಿನಲ್ಲಿ ಕೊಂಕುತ್ತ ಓಡಾಡುವ ಹುಳಗಳು. ಹತ್ತೊಂಬತ್ತರ ತನಕ ಎಣಿಸಿದೆ, ಆಮೇಲೆ ಒಂದರೊಳಗೊಂದು ಬೆರೆತುಹೋದವು. ಒಳಕೋಣೆಯಿಂದ ತಂಗಿ, 'ಏನೋ ಅದು?' ಎಂದಳು. ಅವ್ವ ಆ ಕೋಣೆಯ ಬಾಗಿಲು ಎಳೆದುಕೊಂಡಳು.

'ಹೋದ ವರ್ಷ ಬಂದವರು ತುಂಬಿದ ಬ್ಯಾರಲ್ ಗಟಾರಕ್ಕ ಚೆಲ್ಲಿ ಹ್ವಾದ್ರು,' ಎಂದಳು ಅವ್ವ. 'ನಳ ಬರಾಕ ಇನ್ನೂ ಆರ ದಿನ ಇತ್ತು.'

'ಐದು,' ಎಂದೆ. ಅದು ನನ್ನ ಪುಟದಲ್ಲಿದೆ.

'ನಿನಗ ಐದು. ಕೊಡಾ ಹೊತ್ತಾಕಿಗೆ ಆರು.'

ನಾನು ಆಶಾ ಅಕ್ಕಾರ ಕಡೆ ತಿರುಗಿದೆ. 'ನಿಮಗ ಗೊತ್ತಿತ್ತೇನ್ರಿ?'

'ಕೌದಿ ಕಂಡಿತ್ತು ತಮ್ಮಾ. ಇಂಥಾ ಥಂಡ್ಯಾಗ ಹೊದಿಯೂದು ಬಿಟ್ಟು ಮೆಟ್ಟಲಕ ಯಾರು ಹೊಚ್ಚತಾರ? ನಿಮ್ಮವ್ವನ ಮಾರಿ ನೋಡಿದೆ, ಎತ್ತಾಕ ಕೈ ಬರಲಿಲ್ಲ. ನಮ್ಮನಿಗೂ ನಳ ಎಂಟ ದಿನಕ್ಕನ ಬರೂದು.'

ಮೂವರೂ ಸೇರಿ ಬ್ಯಾರಲ್ ಖಾಲಿ ಮಾಡಿದೆವು. ಆಮೇಲೆ ಬರೆಯಲು ಕುಳಿತೆ. ಅವರು ಬಂದಿದ್ದರು, ನಮ್ಮ ಮನೆಯವರೇ ಬ್ಯಾರಲ್ ಮುಚ್ಚಿಟ್ಟಿದ್ದೆವು, ನನ್ನ ದೂರು ತಪ್ಪು. 'ಅವ್ವ ಅಂತ ಬರೀಬ್ಯಾಡ, ನಾವು ಅಂತ ಬರಿ,' ಎಂದಳು ಅವ್ವ. ಕೌದಿ ಕಂಡಿತ್ತು ಎಂಬ ಮಾತಿಗೆ ಬಂದಾಗ ಪೆನ್ನು ನಿಂತಿತು. ಆಶಾ ಅಕ್ಕಾರು ಕೇಳಲೂ ಇಲ್ಲ, ಬೇಡವೆನ್ನಲೂ ಇಲ್ಲ. ಕಿಟಕಿಯಾಚೆ ನೋಡುತ್ತ ಕುಳಿತಿದ್ದರು. ಆ ಸಾಲು ಬರೆಯದೆ ಸಹಿ ಹಾಕಿದೆ.

ಸೋಮವಾರ ಪತ್ರ ಕೊಟ್ಟರು, ಕೆಲಸ ಉಳಿಯಿತು. ಶುಕ್ರವಾರ ಮತ್ತೆ ನಮ್ಮ ಬಾಗಿಲಿಗೆ ಬಂದರು. ನಾನು ಹಿಂದೆಯೇ ನಿಂತು ಅವರ ಕೈಯನ್ನೇ ನೋಡುತ್ತಿದ್ದೆ, ಅದು ಅವರಿಗೂ ಗೊತ್ತಿತ್ತು. ಬ್ಯಾರಲ್ಲಿಗೆ ನಾವು ತಂದ ಹೊಸ ಮುಚ್ಚಳ ತೆಗೆದರು, ಬ್ಯಾಟರಿ ಬಿಟ್ಟರು, ಮೆಟ್ಟಿಲ ಕೆಳಗೂ ಬಗ್ಗಿದರು. ಗೋಡೆಯ ಮೇಲೆ ಸೊನ್ನೆ ಬರೆದು ಪಕ್ಕದ ಮನೆಗೆ ಹೋದರು. ಅಲ್ಲಿ ಬಾಗಿಲು ಹಾಕಿತ್ತು. ಒಳಗೆ ಏನೋ ಭಾರವಾದದ್ದನ್ನು ನೆಲದ ಮೇಲೆ ಎಳೆಯುವ ಸಪ್ಪಳ.

ಅವರು ನನ್ನನ್ನು ನೋಡಿದರು. ಆಮೇಲೆ ಬಾಗಿಲು ಬಡಿದರು.

'ಅಕ್ಕಾರ, ಸಾವಕಾಶ ಎಳೀರಿ, ಸೊಂಟಾ ಹಿಡದೀತು. ನಾ ಇಲ್ಲೇ ನಿಂತೇನಿ. ಇವತ್ತ ಕೌದಿ ಎತ್ತಿ ನೋಡಾಕಿನ ನಾ.'