ರಶೀದ್ ಸಾಬರ ಜ್ವರದ ಸೆಟ್

ಗುಬ್ಬಿ ಬಸ್ ನಿಲ್ದಾಣದ ಎದುರು ಮೆಡಿಕಲ್ ಸ್ಟೋರ್ ಇಟ್ಟಿದ್ದ ಅಬ್ದುಲ್ ರಶೀದ್ ಡಾಕ್ಟರಲ್ಲ. ಫಾರ್ಮಸಿ ಡಿಪ್ಲೊಮಾ ಮಾಡಿ ಅಂಗಡಿ ತೆರೆದವರು, ಅಷ್ಟೇ. ಆದರೆ ಇದನ್ನು ಊರಿಗೆ ಒಪ್ಪಿಸುವವರು ಯಾರು? ಡಾಕ್ಟರ ಹತ್ತಿರ ಹೋದರೆ ಚೀಟಿ, ಸೂಜಿ, ರಕ್ತಪರೀಕ್ಷೆ ಎಂದು ಅರ್ಧ ದಿನ ಹಾಳು. ಸಾಬರ ಹತ್ತಿರ ಬಂದು ಮೈಕೈ ನೋವು ಎಂದರೆ ಸಾಕು, ನಾಲ್ಕು ಬಗೆಯ ಮಾತ್ರೆ ಬಿಡಿಸಿ ಕಾಗದದ ಪೊಟ್ಟಣ ಕಟ್ಟಿ ಕೊಟ್ಟುಬಿಡುತ್ತಿದ್ದರು. ಅದಕ್ಕೆ ಸೆಟ್ ಎಂದು ಹೆಸರು. ಜ್ವರಕ್ಕೊಂದು, ನೋವಿಗೊಂದು, ಗ್ಯಾಸಿಗೊಂದು, ಜೊತೆಗೊಂದು ಪುಟಾಣಿ ಬಿಳಿ ಮಾತ್ರೆ. ಆ ಬಿಳಿಯದು ಸ್ಟೀರಾಯ್ಡ್. ಮಲಗಿದವರನ್ನು ಎಬ್ಬಿಸಿ ಕೂರಿಸುತ್ತಿದ್ದುದು ಅದೇ.

ಚಿಕುನ್‌ಗುನ್ಯಾ ಬಂದ ವರ್ಷ ಊರಿಗೆ ಊರೇ ಗೋಡೆ ಹಿಡಿದು ನಡೆಯುತ್ತಿತ್ತು. ಆಗ ಸೆಟ್‌ನ ಹೆಸರು ಕುಣಿಗಲ್‌ವರೆಗೂ ಹೋಯಿತು. "ಸಾಬ್ರ ಕೈಗುಣ ಚೆನ್ನಾಗೈತೆ" ಎಂದು ಜನ ಹೊಗಳಿದರೆ ಯಾರಿಗೆ ತಾನೇ ಬೇಡ? ರಶೀದರು ಉಬ್ಬಿಹೋದರು. ಕೇಳಿದ ಅಂಗಡಿಯವರಿಗೆಲ್ಲ ಅದರಲ್ಲಿ ಏನೇನಿದೆ ಎಂದು ಹೇಳಿಕೊಟ್ಟರು. ಎದುರು ಸಾಲಿನ ಮೆಡಿಕಲ್‌ನ ಗುರುಪ್ರಕಾಶನಿಗೂ ಹೇಳಿಕೊಟ್ಟರು.

ಎರಡು ಸಾವಿರದ ಒಂಬತ್ತರಲ್ಲಿ ಹಂದಿಜ್ವರ ಬಂತು. ಅಧಿಕಾರಿಗಳು ಔಷಧಿ ಅಂಗಡಿಯವರನ್ನೆಲ್ಲ ತುಮಕೂರಿಗೆ ಕರೆಸಿದರು. ಇದರ ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರ ಸಿಗುತ್ತದೆ, ಜ್ವರ ಕೆಮ್ಮು ಎಂದವರನ್ನು ಅಲ್ಲಿಗೇ ಕಳಿಸಿ, ಸ್ಟೀರಾಯ್ಡ್ ಅಂತೂ ಕೊಡಲೇಬೇಡಿ ಎಂದರು. ಜನ ಮೊದಲು ಬರುವುದೇ ನಿಮ್ಮ ಹತ್ತಿರ ಎಂದೂ ಹೇಳಿದರು. ರಶೀದರಿಗೆ ಆ ಮಾತು ನಾಟಿತು.

ಅದೇ ವಾರ ಗಂಗಲಕ್ಷ್ಮಮ್ಮ ಬಂದಳು. ನಿಲ್ದಾಣದ ಪಕ್ಕ ಇಡ್ಲಿ ಗಾಡಿಯವಳು. ಹಿಂದೆ ಮಗಳು ಸರ್ವಮಂಗಳ, ಕಂಕುಳಲ್ಲಿ ಕೂಸು, ಬಾಯಿಗೆ ಸೆರಗು, ಸುಡುವ ಜ್ವರ, ಒಂದೇ ಸಮನೆ ಕೆಮ್ಮು.

"ಗಂಗಕ್ಕ, ಇದು ನನ್ ಕೈಲಿ ಆಗೋದಲ್ಲ. ಈಗ್ಲೇ ತುಮಕೂರಿಗೆ ಕರ್ಕೊಂಡ್ ಹೋಗಿ."

"ಅಲ್ಲಿ ಬ್ಯಾರೆ ರೂಮ್ನಾಗೆ ಹಾಕ್ತಾರಂತೆ ಸಾಬ್ರೆ. ಪೇಪರ್ನಾಗೆ ಬಂದ್ರೆ ನಮ್ ಇಡ್ಲಿ ಯಾರು ತಿಂತಾರೆ? ನೀವೇ ಒಂದ್ ಸೆಟ್ ಕೊಡಿ."

ರಶೀದರು ಆಗಲ್ಲ ಎಂದರು. ಮತ್ತೆ ಆಗಲ್ಲ ಎಂದರು. ಸರ್ವಮಂಗಳ ಕೈ ಮುಗಿದಳು. ಕೇಳಿದವರಿಗೆ ಇಲ್ಲ ಎಂದು ಅಭ್ಯಾಸವಿಲ್ಲದ ಮನುಷ್ಯ, ಕೊನೆಗೆ ಡ್ರಾಯರ್ ಎಳೆದರು.

ಮರುದಿನ ಸರ್ವಮಂಗಳ ಗಾಡಿಯ ಮುಂದೆ ನಿಂತು ಚಟ್ನಿ ಬಡಿಸುತ್ತಿದ್ದಳು. ಸದ್ಯ, ಬಚಾವಾದೆ ಎಂದುಕೊಂಡರು ರಶೀದರು. ಎಲ್ಲಿಯ ಬಚಾವು! ಬಿಳಿ ಮಾತ್ರೆ ಜ್ವರವನ್ನು ಮುಚ್ಚಿಟ್ಟಿತ್ತು, ಕಾಯಿಲೆ ಒಳಗೊಳಗೇ ಶ್ವಾಸಕೋಶ ತಿನ್ನುತ್ತಿತ್ತು. ವಾರ ತುಂಬುವ ಮೊದಲೇ ಅವಳು ಒಲೆಯ ಪಕ್ಕ ಕುಸಿದಳು. ತುಟಿ ನೀಲಿಗಟ್ಟಿತ್ತು. ರಶೀದರೇ ಆಟೋ ಹಿಡಿದು ತುಮಕೂರಿಗೆ ಒಯ್ದರು. ಇಷ್ಟು ತಡವಾಗಿ ತರುವುದಾ ಎಂದು ಡಾಕ್ಟರು ರೇಗಿದರು. ಸಂಜೆಯ ಹೊತ್ತಿಗೆ ಅವಳು ತೀರಿಕೊಂಡಳು.

ಆಮೇಲೆ ರಶೀದರಿಗೆ ಅನ್ನ ಸೇರಲಿಲ್ಲ. ಬಿಳಿ ಮಾತ್ರೆಯ ಡಬ್ಬಗಳನ್ನೆಲ್ಲ ಎತ್ತಿ ಬಿಸಾಡಿದರು. ಗಂಗಲಕ್ಷ್ಮಮ್ಮ ಬಂದು ಕತ್ತಿನ ಪಟ್ಟಿ ಹಿಡಿಯಲಿ, ನಾಲ್ಕು ಜನರ ಮುಂದೆ ಬೈಯಲಿ ಎಂದು ಕಾದರು. ಅವಳು ಬಂದದ್ದು ತಿಥಿ ಮುಗಿದ ಮೇಲೆ, ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡು.

"ಮಗೀಗೂ ಮೈ ಸುಡ್ತೈತೆ. ಅದೇ ಸೆಟ್ ಕೊಡಿ ಸಾಬ್ರೆ."

ರಶೀದರು ಖಾಲಿ ಡ್ರಾಯರ್ ಎಳೆದು ತೋರಿಸಿದರು. "ಗಂಗಕ್ಕ, ನಿಮ್ ಮಗಳು ಹೋಗಿದ್ದೇ ಅದರಿಂದ. ತಪ್ಪು ನಂದು."

"ಬುಡಿ, ಹಂಗನ್ನಬ್ಯಾಡಿ. ನಿಮ್ ಮಾತ್ರೆ ನುಂಗಿ ಎದ್ದು ಓಡಾಡ್ತಿದ್ಲು. ಆಸ್ಪತ್ರೆಗೆ ಹೋದ್ಲು, ಸತ್ಲು. ನಾನೇ ಕಣ್ಣಾರೆ ನೋಡಿಲ್ವಾ?"

"ಬನ್ನಿ, ಆಟೋ ತರ್ತೀನಿ, ಈಗ್ಲೇ ತುಮಕೂರಿಗೆ ಹೋಗಣ" ಎಂದು ಅವರು ಹೊರಗೆ ಬಂದರು. ಅವಳು ಮಗುವನ್ನು ಎದೆಗವಚಿಕೊಂಡು ಹಿಂದೆ ಸರಿದಳು.

"ಅವಳನ್ನ ಕರ್ಕೊಂಡ್ ಹೋದಂಗೆ ಇದನ್ನೂ ಕರ್ಕೊಂಡ್ ಹೋಗ್ಬೇಕಾ?" ಎಂದವಳೇ ರಸ್ತೆ ದಾಟಿ ಗುರುಪ್ರಕಾಶನ ಅಂಗಡಿಗೆ ನಡೆದಳು.

ರಶೀದರು ಚಪ್ಪಲಿಯಿಲ್ಲದೆ ಹಿಂದೆಯೇ ಓಡಿದರು. "ಗುರು, ಕೊಡಬ್ಯಾಡ ಕಣೋ! ನಿನ್ ಕಾಲಿಗೆ ಬೀಳ್ತೀನಿ."

"ನೀವೇ ಹೇಳ್ಕೊಟ್ಟಿದ್ದಲ್ವಾ ಸಾಬ್ರೆ?" ಎಂದ ಗುರುಪ್ರಕಾಶ, ಮಾತ್ರೆಗಳನ್ನು ಅರ್ಧರ್ಧ ಮುರಿದು ಪೊಟ್ಟಣ ಕಟ್ಟುತ್ತಾ. "ನಾನ್ ಕೊಡ್ದಿದ್ರೆ ಮುಂದಿನ ಅಂಗಡೀಲಿ ತಗೊಂತಾರೆ."

ಗಂಗಲಕ್ಷ್ಮಮ್ಮ ಅಲ್ಲೇ ನೀರು ಕೇಳಿ, ಮಾತ್ರೆ ಕರಗಿಸಿ ಮಗುವಿನ ಬಾಯಿಗೆ ಹುಯ್ದಳು. ಕಹಿಗೆ ಮಗು ಉಗುಳಿತು. ಗಲ್ಲದ ಮೇಲೆ ಇಳಿದದ್ದನ್ನು ಬೆರಳಲ್ಲಿ ಬಳಿದು ಮತ್ತೆ ಬಾಯಿಗೆ ಇಟ್ಟಳು.

"ನುಂಗವ್ವ, ನುಂಗು" ಎಂದು ರಮಿಸಿದಳು. "ನಮ್ ಸಾಬ್ರ ಮಾತ್ರೆ ಕಣೇ ಇದು."