ಪೈಪ್‌ಲೈನ್ ಫೇಲು

ಹನ್ನೊಂದು ಸಾವಿರ ಹೇಳಿದ್ದನ್ನು ಏಳಕ್ಕೆ ಇಳಿಸಿ, ಮೇಲೊಂದು ಕೀಬೋರ್ಡನ್ನು ಬಿಟ್ಟಿಯಾಗಿ ಹಾಕಿಸಿಕೊಂಡು ಮೈಸೂರಿನಿಂದ ತಂದ ಹಳೆಯ ಆಫೀಸು ಕಂಪ್ಯೂಟರೊಂದು ಗೋಣಿಕೊಪ್ಪದ ನಮ್ಮ ಮನೆಯ ಮಹಡಿ ಮೆಟ್ಟಿಲ ಕೆಳಗೆ ಹಗಲಿರುಳೂ ಗುಂಯ್‌ಗುಡುತ್ತಿದೆ. ಯುಪಿಎಸ್‌ನ ಖರ್ಚು ಬೇರೆ. ಅದರಲ್ಲಿ ಚೌಕಾಸಿ ನಡೆಯಲಿಲ್ಲ. ಆ ನೋವು ಇನ್ನೂ ಇದೆ. ಇಷ್ಟೆಲ್ಲ ಯಾಕೆಂದರೆ, ನಾನು ಬರೆದ ಪ್ರೋಗ್ರಾಮು ನನ್ನ ಮನೆಯಲ್ಲೇ ಇರಬೇಕು, ಅದನ್ನು ಪರೀಕ್ಷಿಸಿ ಕಟ್ಟಿಕೊಡುವ ಯಂತ್ರವೂ ನನ್ನದೇ ಆಗಿರಬೇಕು ಎಂಬ ಹಟ. ಮೊದಲು ಎಲ್ಲವನ್ನೂ ದೂರದ ಯಾವುದೋ ಕಂಪನಿಯ ಜಾಗದಲ್ಲಿ ಬಾಡಿಗೆಗೆ ಇಟ್ಟಿದ್ದೆ. ಮಳೆಗಾಲದಲ್ಲಿ ಮರ ಬಿದ್ದು ಇಂಟರ್ನೆಟ್ ಹೋದರೆ ನನ್ನ ಸಾಮಾನು ನನಗೇ ಕೈಗೆಟುಕುತ್ತಿರಲಿಲ್ಲ. ಬಾಡಿಗೆ ಮಾತ್ರ ಅವರ ಕೈಗೆ ಸರಿಯಾಗಿ ಎಟುಕುತ್ತಿತ್ತು.

ನಾನು ಇದನ್ನು ಕಾಲೇಜಿನಲ್ಲಿ ಓದಿದವನಲ್ಲ. ಕುಶಾಲನಗರದ ಕಡೆಯ ರೈತರ ಮನೆಯವನು. ಹಳೆ ಪಂಪ್‌ಸೆಟ್ಟು ಕೊಂಡು ಮಾರುತ್ತ ಇಲ್ಲಿಗೆ ಬಂದು ಅಂಗಡಿ ಹಾಕಿದೆ. ಕರೆಂಟು ಬಂದಾಗ ಮೋಟಾರನ್ನು ತಾನೇ ಚಾಲೂ ಮಾಡಿ, ಹೊತ್ತು ಮುಗಿದಾಗ ತಾನೇ ನಿಲ್ಲಿಸುವ ಡಬ್ಬಿಯೊಂದನ್ನು ತಯಾರಿಸಿದೆ. ಅದರೊಳಗಿನ ಪ್ರೋಗ್ರಾಮು ಬರೆಯುವುದನ್ನು ವೀಡಿಯೊ ನೋಡಿ, ತಪ್ಪು ಮಾಡಿ, ಬೈಸಿಕೊಂಡು ಕಲಿತೆ.

ಬರೆದ ಪ್ರೋಗ್ರಾಮು ಇಡುವ ಜಾಗಕ್ಕೆ ರೆಪಾಸಿಟರಿ ಎನ್ನುತ್ತಾರೆ. ಕನ್ನಡದಲ್ಲಿ ಏನೆನ್ನಬೇಕೆಂದು ಬಹಳ ಯೋಚಿಸಿದ್ದೇನೆ. ಕಣಜ ಎಂದರೆ ಸಾಲದು. ಭತ್ತ ಸುರಿದ ಮೇಲೆ ಯಾವುದು ಹೋದ ವರ್ಷದ್ದು, ಯಾವುದು ಈ ವರ್ಷದ್ದು ಎಂದು ಹೇಳಲಾಗದು. ಉಗ್ರಾಣ ಎಂದರೆ ಸರಿ. ಮದುವೆಮನೆಯ ಉಗ್ರಾಣದ ಬಾಗಿಲಲ್ಲಿ ಒಬ್ಬರು ಕೂತಿರುತ್ತಾರೆ. ಯಾರು ಏನು ಒಳಗಿಟ್ಟರು, ಯಾರು ಏನು ಬದಲಿಸಿದರು, ಎಲ್ಲವೂ ಅವರಿಗೆ ಗೊತ್ತು. ಇನ್ನು ಕಂಟೇನರ್ ಎಂದರೆ ಬುತ್ತಿ. ಒಂದು ಪ್ರೋಗ್ರಾಮು ನಡೆಯಲು ಬೇಕಾದ ಅನ್ನ, ಪಲ್ಯ, ಉಪ್ಪು ಎಲ್ಲ ಅದರೊಳಗೇ ಇರುತ್ತದೆ. ಯಾವ ಮನೆಯಲ್ಲಿ ಬಿಚ್ಚಿದರೂ ಆ ಮನೆಯವರ ಉಪ್ಪು ಕೇಳಬೇಕಾಗಿಲ್ಲ. ಹೊಸದಾಗಿ ಬರೆದದ್ದನ್ನು ಉಗ್ರಾಣಕ್ಕೆ ಹಾಕಿದೊಡನೆ ಅದನ್ನು ಒಂದಾದ ಮೇಲೊಂದು ಪರೀಕ್ಷೆಗೆ ಒಡ್ಡಿ, ಪಾಸಾದರೆ ಮಾತ್ರ ಕಟ್ಟಿಕೊಡುವ ವ್ಯವಸ್ಥೆಗೆ ಪೈಪ್‌ಲೈನ್ ಎಂದು ಹೆಸರು. ಹೆಸರಿಟ್ಟವರು ಖಂಡಿತ ಕೊಡಗಿನವರಲ್ಲ.

ಹೋದ ಬೇಸಿಗೆಯ ಆರಂಭದಲ್ಲಿ ಒಂದು ಬೆಳಿಗ್ಗೆ ಬಾಳೆಲೆ ಊರಿನ ಕಾಫಿ ತೋಟದ ಕಾವೇರಮ್ಮ ಆಂಟಿಯ ಫೋನು ಬಂತು. ನನ್ನ ಡಬ್ಬಿ ಕೊಂಡವರಲ್ಲಿ ಮೊದಲಿಗರು. ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದ ಒಬ್ಬರೇ ಗಿರಾಕಿ.

"ಏ ಮಂಜು, ಎಂಥ ಡಬ್ಬಿ ನಿಂದು? ಕರೆಂಟು ಹೋಗಿ ಬಂದ್ರೆ ಮತ್ತೆ ಮೊದಲಿಂದ ಲೆಕ್ಕ ಶುರು ಮಾಡ್ತದೆ. ಕೆಳಗಿನ ಬ್ಲಾಕಿಗೆ ಎರಡು ಪಾಲು ಕುಡಿಸಿಬಿಟ್ಟಿದೆ!"

"ನೋಡ್ತೀನಿ ಆಂಟಿ."

"ನೋಡೋದಲ್ಲ ಮಾರಾಯ. ಕೆರೇಲಿ ಉಳಿದದ್ದು ಮೇಲಿನ ಬ್ಲಾಕಿಗೆ ಒಂದೇ ಸಲಕ್ಕೆ. ಮೊಗ್ಗು ಕಾಯ್ತಾ ಉಂಟು. ಇವತ್ತು ರಾತ್ರಿ ನೀರು ಬಿಡ್ಲೇಬೇಕು."

ತೋಟದವರಿಗೆ ಹೇಳಬೇಕಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಬ್ಲಾಕು ಎಂದರೆ ತೋಟದ ಒಂದು ಭಾಗ. ಹದಕ್ಕೆ ಬಂದ ಕಾಫಿ ಮೊಗ್ಗಿಗೆ ಸ್ಪ್ರಿಂಕ್ಲರ್ ನೀರು ಪೂರ್ತಿ ಬಿದ್ದರೆ ಹೂ. ಅರೆಬರೆ ಬಿದ್ದರೆ ಮೊಗ್ಗು ಅರಳದೆ ಕರಟಿ, ಆ ವರ್ಷದ ಫಸಲೇ ಹೋಯಿತು. ಮೋಟಾರಿನ ಪಕ್ಕ ಆಳು ಕೂರಿಸಬಹುದಲ್ಲ ಎನ್ನಬೇಡಿ. ಆ ಕೆರೆಯ ಕಡೆ ಮೋಟಾರು ಓಡಿಸುವ ತ್ರೀ ಫೇಸ್ ಕರೆಂಟು ಬರುವುದೂ ರಾತ್ರಿ, ಆನೆ ಬರುವುದೂ ರಾತ್ರಿ.

ಅಂದೇ ರಸ್ತೆ ಅಗೆಯುವವರು ನಮ್ಮ ಬೀದಿಯ ಇಂಟರ್ನೆಟ್ ಕೇಬಲ್ಲನ್ನು ಕಿತ್ತುಹಾಕಿದ್ದರು. ಬಾಡಿಗೆ ಉಗ್ರಾಣವಾಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಮೆಟ್ಟಿಲ ಕೆಳಗಿನ ನನ್ನ ಯಂತ್ರಕ್ಕೆ ಕೇಬಲ್ಲಿನ ಹಂಗಿಲ್ಲ. ಬುತ್ತಿಗಳನ್ನೆಲ್ಲ ಮೊದಲೇ ಕಟ್ಟಿಟ್ಟಿದ್ದೆ. ತಪ್ಪು ಹುಡುಕಿ ತಿದ್ದಿದೆ, ಉಗ್ರಾಣಕ್ಕೆ ಹಾಕಿದೆ. ಪರೀಕ್ಷೆಯಲ್ಲಿ ಯಂತ್ರ ಒಪ್ಪಲಿಲ್ಲ. ನೋಡಿದರೆ, ನಾನು ತಿದ್ದಿದ ರೀತಿಯಲ್ಲಿ ಮೋಟಾರು ನಿಲ್ಲುತ್ತಲೇ ಇರಲಿಲ್ಲ. ಒಂದೇ ಕಡೆ ಸುರಿದು ಕೆರೆ ಬರಿದಾಗುತ್ತಿತ್ತು. ನಾನೇ ಕೂರಿಸಿದ ಕಾವಲುಗಾರ ನನ್ನನ್ನೇ ಬಾಗಿಲಲ್ಲಿ ತಡೆದಿದ್ದ. ನಾಚಿಕೆಗಿಂತ ಹೆಮ್ಮೆಯೇ ಒಂದು ತೂಕ ಹೆಚ್ಚಾಗಿ, ಮತ್ತೆ ತಿದ್ದಲು ಕೂತೆ.

ಅಷ್ಟರಲ್ಲಿ ಕುಟ್ಟಪ್ಪಣ್ಣನ ಫೋನು. ಅವರು ಆಂಟಿಯ ತೋಟದ ರೈಟರ್, ಅಂದರೆ ಆಳುಗಳ ಉಸ್ತುವಾರಿ ಅವರದು.

"ಮಂಜಣ್ಣ, ಪೈಪ್‌ಲೈನ್ ಫೇಲು ಅಂತ ಮೆಸೇಜು ಬಂತಲ್ಲ, ಎಲ್ಲಿ ಫೇಲು? ಕೆರೆಯಿಂದ ಹಿಡಿದು ಜಾಯಿಂಟು ಜಾಯಿಂಟೂ ಬಿಚ್ಚಿಸ್ತಾ ಇದ್ದೇನೆ."

ಹೊಸ ಪ್ರೋಗ್ರಾಮು ತಯಾರಾದರೆ ಗೊತ್ತಾಗಲಿ ಎಂದು ಯಂತ್ರ ಮೆಸೇಜು ಕಳಿಸುವ ಪಟ್ಟಿಗೆ ಅವರ ನಂಬರನ್ನೂ ನಾನೇ ಸೇರಿಸಿದ್ದೆ. ಇಂಟರ್ನೆಟ್ಟನ್ನು ನಂಬದೆ ಯಂತ್ರಕ್ಕೆ ಸಿಮ್ ಹಾಕಿದ್ದರಿಂದ ಮೆಸೇಜು ನಿಷ್ಠೆಯಿಂದ ಬಾಳೆಲೆ ಮುಟ್ಟಿತ್ತು.

"ಅಯ್ಯೋ ಕುಟ್ಟಪ್ಪಣ್ಣ, ಅದು ನಿಮ್ಮ ಪೈಪಲ್ಲ! ನಮ್ಮ ಮನೆಯೊಳಗಿಂದು!"

"ನಿಮ್ಮನೆ ನಲ್ಲಿ ಒಡೆದ್ರೆ ನಂಗ್ಯಾಕೆ ಮೆಸೇಜು?"

ವಿವರಿಸುವ ಮೊದಲೇ ಆ ಕಡೆ ಯಾರೋ ಕೂಗಿದರು. ಕುಟ್ಟಪ್ಪಣ್ಣನ ದನಿಯೇ ಬದಲಾಯಿತು. "ಸಿಕ್ತು ಮಾರಾಯ್ರೆ! ಮೇಲಿನ ಬ್ಲಾಕಿನ ತಿರುವಲ್ಲಿ ವಾಷರ್ ಹರಿದಿದೆ. ಹಾಗೇ ಬಿಟ್ಟಿದ್ರೆ ಅರ್ಧ ನೀರು ಅಲ್ಲೇ ಸೋರ್ತಿತ್ತು. ಭಲೇ ಮೆಷಿನು ನಿಮ್ದು, ಗೋಣಿಕೊಪ್ಪದಲ್ಲಿ ಕೂತು ಬಾಳೆಲೆ ವಾಷರ್ ಕಾಣ್ತದೆ!"

ಎರಡನೆಯ ತಿದ್ದುಪಡಿ ಪಾಸಾಯಿತು. ಲ್ಯಾಪ್‌ಟಾಪಿಗೆ ತುಂಬಿಕೊಂಡು ಸ್ಕೂಟರಿನಲ್ಲಿ ಹೋಗಿ, ಹೊತ್ತು ಮುಳುಗುವ ಮೊದಲು ಡಬ್ಬಿಗೆ ಹಾಕಿದೆ. ಆಂಟಿ ಕಾಫಿ ಕೊಟ್ಟು ಹೇಳಿದರು: "ಇನ್ನೊಮ್ಮೆ ಹಾಗಾದ್ರೆ ಕೆರೆ ಹತ್ರ ನಿನ್ನನ್ನೇ ಕೂರಿಸ್ತೇನೆ. ಆನೆ ಜೊತೆ ಚೌಕಾಸಿ ಮಾಡು."

ಆ ರಾತ್ರಿಯೂ ಕರೆಂಟು ಹೋಗಿ ಬಂತಂತೆ. ಮೋಟಾರು ಬಿಟ್ಟಲ್ಲಿಂದಲೇ ಮುಂದುವರಿಸಿತು. ಮುಂದಿನ ವಾರ ಹೋಗಿ ನೋಡಿದರೆ ಮೇಲಿನ ಬ್ಲಾಕು ಅಷ್ಟೂ ಬೆಳ್ಳಗೆ. ಘಮಕ್ಕೆ ತಲೆ ತಿರುಗುವಂತಿತ್ತು. ಆಂಟಿ ಅಕ್ಕಪಕ್ಕದ ತೋಟದವರಿಗೆಲ್ಲ "ನಮ್ಮ ಮಂಜುವಿನ ಮೆಷಿನು" ಎಂದು ತೋರಿಸಿದರು. ಅವರೆಲ್ಲ ಡಬ್ಬಿಯ ಬೆಲೆ ಕೇಳಿ, ವಾಷರ್ ಹುಡುಕುವುದೂ ಅದರಲ್ಲೇ ಸೇರಿದೆಯೇ ಎಂದರು. ಇಲ್ಲ ಎಂದು ನಿಜ ಹೇಳಿದೆ. ಅವರು ನಂಬಲಿಲ್ಲ, ನನ್ನ ಚೌಕಾಸಿಯ ವರಸೆಯೆಂದುಕೊಂಡರು.

ನೀವೂ ಮಾಡುವುದಾದರೆ ಕೇಳಿ. ಹೊಸ ಯಂತ್ರ ಬೇಡ, ಮೆಮೊರಿ ಹೆಚ್ಚಿರುವ ಹಳೆಯದು ಸಾಕು. ಮಾರುವವನ ಮುಂದೆ ಆಸೆ ತೋರಿಸಬೇಡಿ. ಯುಪಿಎಸ್‌ನಲ್ಲಿ ಜಿಪುಣತನ ಮಾಡಬೇಡಿ. ಉಗ್ರಾಣದ ಒಂದು ಪ್ರತಿಯನ್ನು ಬೇರೆ ಮನೆಯಲ್ಲಿಡಿ (ನನ್ನದು ಮಾವನ ಮನೆಯ ಬೀರುವಿನಲ್ಲಿದೆ), ಆಗಾಗ ತೆರೆದೂ ನೋಡಿ. ಮುಚ್ಚಿಟ್ಟ ಉಪ್ಪಿನಕಾಯಿಗೆ ಬೂಷ್ಟು ಹಿಡಿದದ್ದು ನೆಂಟರು ಬಂದ ದಿನವೇ ಗೊತ್ತಾಗುವುದು. ಪರೀಕ್ಷೆಗಳನ್ನು ಮೈಗಳ್ಳತನವಿಲ್ಲದೆ ಬರೆಯಿರಿ. ಯಜಮಾನನನ್ನು ತಡೆಯದ ಕಾವಲುಗಾರನಿಗೆ ಕೊಟ್ಟ ಸಂಬಳ ದಂಡ. ಫೇಲಾದ ಸುದ್ದಿ ಯಾರಿಗೆ ಹೋಗಬೇಕೆಂದು ಸರಿಯಾಗಿ ಯೋಚಿಸಿ ನಂಬರು ಹಾಕಿ. ಕುಟ್ಟಪ್ಪಣ್ಣನದನ್ನು ನಾನಂತೂ ತೆಗೆದಿಲ್ಲ. ವರ್ಷಕ್ಕೊಮ್ಮೆ ಜಾಯಿಂಟು ಬಿಚ್ಚಿ ನೋಡುವುದು ಯಾವ ಪೈಪ್‌ಲೈನಿಗೂ ಒಳ್ಳೆಯದೇ.