ಶಿಬಿರದ ಗರಗಸಕ್ಕೆ ಹಲ್ಲು ಬಂದದ್ದು

ಹಳೆಯ ಕಾಡಿನ ನಡುವೆ ಮರ ಕಡಿಯುವವರು ಬಾಳಿದ ಶಿಬಿರವನ್ನು ಈಗ ವಸ್ತುಸಂಗ್ರಹಾಲಯ ಮಾಡಿದ್ದಾರೆ ಎಂದು ಸೊಸೆ ಹೇಳಿದಾಗ ಅಜ್ಜಿ ನಕ್ಕಳು. "ನಾವು ಚಳಿಗೆ ಗಡಗಡ ನಡುಗ್ತಾ ಮಲಗಿದ ಜಾಗಕ್ಕೆ ಟಿಕೆಟ್ಟಾ?" ಆದರೂ ಹೊರಟಳು.

ಎಪ್ಪತ್ತನಾಲ್ಕು ವರ್ಷದ ಆಕೆ ಹುಟ್ಟಿದ್ದು ಅಲ್ಲೇ. ತಂದೆ ಗರಗಸಗಳನ್ನು ಹರಿತ ಮಾಡುವವನು. ಅವನ ಕಣ್ಣಿಗೆ ಪೊರೆ ಬಂದಾಗ ಅವಳಿಗೆ ಹದಿನಾಲ್ಕು. ವಿಷಯ ಹೊರಬಿದ್ದರೆ ಕೆಲಸವೂ ಹೋಗುತ್ತದೆ, ಇರುವ ಕೋಣೆಯೂ ಹೋಗುತ್ತದೆ. ಅಪ್ಪ ಮಗಳು ಗರಗಸದ ಶೆಡ್ಡಿನ ಬಾಗಿಲು ಹಾಕಿಕೊಂಡರು. ಅವನು ಹಲ್ಲುಗಳ ಮೇಲೆ ಬೆರಳಾಡಿಸಿ ತಪ್ಪು ಹೇಳುವುದು, ಅವಳು ಅರ ಹಿಡಿದು ಉಜ್ಜುವುದು. ಶಿಬಿರ ಮುಚ್ಚುವವರೆಗೆ ಒಂಬತ್ತು ವರ್ಷ ಹೀಗೇ ನಡೆಯಿತು. "ಮುದುಕನ ಕೈ ಅಂದ್ರೆ ಕೈ!" ಎಂದು ಕೆಲಸಗಾರರು ಹೊಗಳುತ್ತಿದ್ದರು. ಅವಳು ಕಬ್ಬಿಣದ ಪುಡಿ ಮೆತ್ತಿದ ಕೈಯನ್ನು ಬೆನ್ನ ಹಿಂದೆ ಅಡಗಿಸುತ್ತಿದ್ದಳು.

ಶಿಬಿರದ ಅಂಗಳದಲ್ಲಿ ಗಾಳಿಗೆ ಉರುಳಿದ ಮರದ ದಿಮ್ಮಿಯೊಂದನ್ನು ಇಟ್ಟಿದ್ದರು. ಇಬ್ಬರು ಸೇರಿ ಎಳೆಯುವ ಗರಗಸವನ್ನು ಮಾರ್ಗದರ್ಶಿ ಹೆಂಗಸು ಬಂದವರ ಕೈಗೆ ಕೊಟ್ಟಳು. ದಾಂಡಿಗರಂಥ ಇಬ್ಬರು ಏದುಸಿರು ಬಿಡುತ್ತ ಎಳೆದರು. ಹತ್ತನೇ ಎಳೆತಕ್ಕೆ ಗರಗಸ ಸಿಕ್ಕಿಕೊಂಡಿತು.

"ಮರ ತುಂಬಾ ಗಟ್ಟಿ," ಎಂದ ಒಬ್ಬ.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಳಂತೆ!" ಎಂದಳು ಅಜ್ಜಿ. "ಮರದ ತಪ್ಪಲ್ಲಪ್ಪ, ಹಲ್ಲು ಮೊಂಡಾಗಿದೆ."

ಮಾರ್ಗದರ್ಶಿ ತಿರುಗಿದಳು. "ನಿಜ ಅಜ್ಜಿ. ಇದನ್ನ ಹರಿತ ಮಾಡೋರನ್ನ ನಾಲ್ಕು ವರ್ಷದಿಂದ ಹುಡುಕ್ತಿದೀವಿ, ಯಾರೂ ಸಿಕ್ಕಿಲ್ಲ."

"ಒಂದು ಅರ ತಗೊಂಡು ಬಾಮ್ಮ."

ಸೊಸೆ ತೋಳು ಹಿಡಿದಳು. "ಅತ್ತೆ, ಬೇಡ. ನಿಮ್ಮ ಕೈ ನಡುಗುತ್ತೆ."

"ಚಮಚ ಹಿಡಿದ್ರೆ ನಡುಗುತ್ತೆ. ಅರ ಹಿಡಿದಾಗ ನೋಡು."

ನಡುಗಲಿಲ್ಲ. ಗರಗಸವನ್ನು ಎರಡು ಹಲಗೆಗಳ ನಡುವೆ ಬಿಗಿಸಿ, ಹಲ್ಲುಗಳನ್ನೆಲ್ಲ ಒಂದೇ ಎತ್ತರಕ್ಕೆ ತಂದಳು. ಆಮೇಲೆ ಒಂದೊಂದನ್ನೇ ಉಜ್ಜಿ, ಸಣ್ಣ ಸುತ್ತಿಗೆಯಿಂದ ಒಂದನ್ನು ಎಡಕ್ಕೆ, ಮುಂದಿನದನ್ನು ಬಲಕ್ಕೆ ಬಾಗಿಸಿದಳು. ಎರಡು ಗಂಟೆ ಹಿಡಿಯಿತು. ಪ್ರವಾಸಿಗಳ ಬಸ್ಸು ಹಾರ್ನ್ ಹೊಡೆದರೂ ಯಾರೂ ಕದಲಲಿಲ್ಲ.

"ಆ ತುದಿ ಹಿಡಿ," ಎಂದಳು ಸೊಸೆಗೆ. "ತಳ್ಳಬೇಡ. ಬರೀ ಎಳಿ."

ಗರಗಸ ಸುಯ್ ಸುಯ್ ಎಂದು ಇಳಿಯತೊಡಗಿತು. ಪುಡಿಯಲ್ಲ, ಉದ್ದುದ್ದ ನಾರಿನಂಥ ಎಳೆಗಳು ಕಾಲ ಬುಡಕ್ಕೆ ಉದುರಿದವು. ಸೊಸೆಯ ಹಣೆ ಬೆವರುವ ಮೊದಲೇ ದಿಮ್ಮಿಯ ತುಂಡು ಧೊಪ್ಪನೆ ಬಿತ್ತು. ಅಂಗಳವಿಡೀ ಕೇಕೆ ಹಾಕಿತು.

"ಇಲ್ಲಿ ಗರಗಸ ಹರಿತ ಮಾಡ್ತಿದ್ದ ಆ ಹೆಸರುವಾಸಿ ಮುದುಕರು ಕಲಿಸಿದ್ದಾ?" ಮಾರ್ಗದರ್ಶಿ ಕೇಳಿದಳು.

"ಕಲಿಸಿದ್ದು ನಮ್ಮಪ್ಪ. ಆದ್ರೆ ಕೊನೆಯ ಒಂಬತ್ತು ವರ್ಷ ಇಲ್ಲಿನ ಗರಗಸಗಳನ್ನೆಲ್ಲ ಹರಿತ ಮಾಡಿದ್ದು ನಾನು."

ಕಟ್ಟಿಕೊಂಡ ಗಂಡನಿಗೂ ಹೇಳದೆ ಐವತ್ತು ವರ್ಷ ನುಂಗಿಕೊಂಡಿದ್ದ ಮಾತು. ಸೊಸೆ ಎಲ್ಲರೆದುರೇ ಅತ್ತೆಯನ್ನು ಬಿಗಿಯಾಗಿ ಅಪ್ಪಿಕೊಂಡಳು.

ಈಗ ಪ್ರತಿ ಶನಿವಾರ ವಸ್ತುಸಂಗ್ರಹಾಲಯದ ಕಾರು ಆಕೆಯ ಮನೆ ಬಾಗಿಲಿಗೆ ಬರುತ್ತದೆ. ಅವಳಿಂದ ಕಲಿಯುವವರು ಐದು ಜನ, ಅಪ್ಪನ ಹಳೆಯ ಶೆಡ್ಡಿನ ಬಾಗಿಲು ಹಾರುಹೊಡೆದಿರುತ್ತದೆ.